ಜೇಡಿಮಣ್ಣಿನ ಮೇಲೆ ಕೃತಕ ಹುಲ್ಲು: ನೀರು ನಿಲ್ಲದಂತೆ ಹಾಸುವುದು ಹೇಗೆ?

ಕೃತಕ ಹುಲ್ಲು ಹಾಸುವ ಕೆಲಸದಲ್ಲಿ ಹುಲ್ಲಿನ ಪಾಲು ತುಂಬಾ ಕಡಿಮೆ. ಸ್ಯಾಂಪಲ್ ಮುಟ್ಟಿ ನೋಡಿ, ಬಣ್ಣ ಆರಿಸಿ, ರೋಲ್ ತಂದು ಬಿಚ್ಚುವುದು ಯಾರಾದರೂ ಮಾಡಬಹುದು. ಕಷ್ಟ ಇರುವುದೆಲ್ಲ ಅದರ ಕೆಳಗಿನ ಅರ್ಧ ಅಡಿಯಲ್ಲಿ. ಮರಳುಮಣ್ಣಿನ ನೆಲವಾದರೆ ಆ ಅರ್ಧ ಅಡಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸುಧಾರಿಸಿಕೊಳ್ಳುತ್ತದೆ. ಜೇಡಿಮಣ್ಣು ಹಾಗೆ ಬಿಟ್ಟುಕೊಡುವುದಿಲ್ಲ. ಮೊದಲ ಜೋರು ಮಳೆಗೇ ಹುಲ್ಲಿನ ಮೇಲೆ ಕಾಲಿಟ್ಟರೆ ಪಚಪಚ ಅನ್ನುತ್ತದೆ. ಎರಡನೇ ಮಳೆಗಾಲದ ಹೊತ್ತಿಗೆ ಅಲ್ಲಲ್ಲಿ ತಗ್ಗು ಬೀಳುತ್ತದೆ, ವಾಸನೆ ಶುರುವಾಗುತ್ತದೆ.

ಮಾರುವವರು "ಹುಲ್ಲಿನ ಹಿಂಬದಿಯಲ್ಲಿ ತೂತುಗಳಿವೆ, ನೀರು ತಾನಾಗಿ ಇಳಿದುಹೋಗುತ್ತೆ" ಅನ್ನುತ್ತಾರೆ. ತೂತುಗಳಿರುವುದು ನಿಜ, ಸಾಮಾನ್ಯವಾಗಿ 10 ಸೆಂ.ಮೀ.ಗೆ ಒಂದರಂತೆ ಇರುತ್ತವೆ. ಆದರೆ ಇಳಿದ ನೀರು ಎಲ್ಲಿಗೆ ಹೋಗಬೇಕು? ಅದಕ್ಕೇ ಈ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಯೋಚಿಸಬೇಕು. ಮೊದಲು ನೀರು ಹೊರಗೆ ಬೀಳುವ ಜಾಗ, ಆಮೇಲೆ ಪೈಪು, ಆಮೇಲೆ ಜಲ್ಲಿ, ಕೊನೆಗೆ ಹುಲ್ಲು. ಈ ಬರಹವೂ ಅದೇ ಸಾಲಿನಲ್ಲಿ ಹೋಗುತ್ತದೆ.

ನಿಮ್ಮದು ನಿಜವಾಗಿ ಜೇಡಿಮಣ್ಣೇ?

ಒಂದು ಹಿಡಿ ಮಣ್ಣು ತೆಗೆದುಕೊಂಡು ಕಲ್ಲು, ಬೇರು ಆರಿಸಿ ಹಾಕಿ. ನೀರು ಚಿಮುಕಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಈಗ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಪಟ್ಟಿಯ ಹಾಗೆ ಮೇಲಕ್ಕೆ ಒತ್ತುತ್ತಾ ಹೋಗಿ. ಎರಡು ಸೆಂ.ಮೀ. ಆಗುವಷ್ಟರಲ್ಲಿ ಮುರಿದು ಬಿದ್ದರೆ ಜೇಡಿಯ ಅಂಶ ಕಡಿಮೆ. ಐದು ಸೆಂ.ಮೀ. ದಾಟಿಯೂ ಮುರಿಯದೆ ನಾಲಿಗೆಯಂತೆ ಬಾಗಿ ನಿಂತರೆ ಅದು ಅಸಲಿ ಜೇಡಿ. ಒತ್ತಿದ ಕಡೆ ಹೊಳಪು ಬರುತ್ತದೆ, ಬೆರಳಿಗೆ ಅಂಟಿದ್ದು ತೊಳೆದರೂ ಬೇಗ ಹೋಗುವುದಿಲ್ಲ.

ಎರಡನೆಯದು ಗುಂಡಿ ಪರೀಕ್ಷೆ. ಹುಲ್ಲು ಹಾಸುವ ಜಾಗದ ನಡುವೆ 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಗುಂಡಿ ತೋಡಿ. ಬದಿಗಳನ್ನು ಗುದ್ದಲಿ ಮೊನೆಯಿಂದ ಸ್ವಲ್ಪ ಗೀರಿ. ಜೇಡಿಮಣ್ಣನ್ನು ಅಗೆದಾಗ ಗೋಡೆ ಗಾರೆ ಮಾಡಿದ ಹಾಗೆ ನುಣ್ಣಗಾಗಿ ಅದರ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಗೀರದಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಸಂಜೆ ನೀರು ತುಂಬಿಸಿ ಬಿಡಿ. ಬೆಳಿಗ್ಗೆ ಮತ್ತೆ ತುಂಬಿಸಿ, ಒಂದು ಕಡ್ಡಿ ನೆಟ್ಟು, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಗುರುತು ಮಾಡಿ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಪೈಪು ಹಾಕಲೇಬೇಕು ಅಂತ ತೀರ್ಮಾನಿಸಿ.

ಲೆಕ್ಕದಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. ನಿಮ್ಮ ಜಾಗ 6 ಮೀಟರ್ ಉದ್ದ, 5 ಮೀಟರ್ ಅಗಲ ಅಂದುಕೊಳ್ಳಿ. 30 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಅಲ್ಲಿ ಬೀಳುವುದು 1,500 ಲೀಟರ್. ಜೇಡಿಮಣ್ಣು ಗಂಟೆಗೆ ಹೀರುವುದು ಸುಮಾರು 1ರಿಂದ 5 ಮಿ.ಮೀ. ಮಾತ್ರ. ತುಂಬಾ ಉದಾರವಾಗಿ ಲೆಕ್ಕ ಹಾಕಿದರೂ 150 ಲೀಟರ್. ಉಳಿದ 1,350 ಲೀಟರಿಗೆ ನೀವೇ ದಾರಿ ಮಾಡಿಕೊಡಬೇಕು.

ಇಲ್ಲೇ ಜನ ಎಡವುವುದು. ಜೇಡಿನೆಲವನ್ನು ಅರ್ಧ ಅಡಿ ಅಗೆದು, ಜಲ್ಲಿ ತುಂಬಿ, "ಜಲ್ಲಿ ಇದೆಯಲ್ಲ, ನೀರು ಇಂಗುತ್ತೆ" ಅಂತ ಸುಮ್ಮನಾಗುತ್ತಾರೆ. ಅಗೆದ ಜಾಗ ಒಂದು ದೊಡ್ಡ ಬೋಗುಣಿಯಾಗುತ್ತದೆ ಅಷ್ಟೆ. ಸುತ್ತಲಿನ ನೀರೂ ಅದಕ್ಕೇ ಬಂದು ಸೇರುತ್ತದೆ. ಏನೂ ಅಗೆಯದೆ ಬಿಟ್ಟಿದ್ದರೇ ವಾಸಿ ಇತ್ತು ಅನ್ನಿಸುತ್ತದೆ.

ನೀರು ಹೊರಗೆ ಬೀಳುವ ಜಾಗ

ಗುದ್ದಲಿ ಹಿಡಿಯುವ ಮುಂಚೆ ಇದು ತೀರ್ಮಾನವಾಗಬೇಕು. ಹುಲ್ಲುಹಾಸಿನ ತಳಕ್ಕಿಂತ ಕೆಳಗಿರುವ, ನೀರನ್ನು ಒಪ್ಪಿಕೊಳ್ಳುವ ಒಂದು ಜಾಗ ಬೇಕು. ಮಳೆನೀರಿನ ಚರಂಡಿ ಇದ್ದರೆ ಅತ್ಯುತ್ತಮ. ಅದಕ್ಕೆ ಜೋಡಿಸಲು ಸ್ಥಳೀಯ ಆಡಳಿತದ ಅನುಮತಿ ಬೇಕಾದರೆ ಮೊದಲೇ ಪಡೆಯಿರಿ. ಒಳಚರಂಡಿಗೆ ಮಾತ್ರ ಬಿಡಬೇಡಿ. ಜೋರು ಮಳೆಯಲ್ಲಿ ಅದು ತುಂಬಿ ಮನೆಯೊಳಕ್ಕೇ ಹಿಮ್ಮೆಟ್ಟಬಹುದು. ನಿವೇಶನ ಇಳಿಜಾರಿನಲ್ಲಿದ್ದರೆ ಪೈಪಿನ ಬಾಯಿಯನ್ನು ಕೆಳಗಿನ ತೋಟದ ಕಡೆ ತೆರೆದು ಬಿಡಬಹುದು. ಬೀಳುವ ಕಡೆ ಒಂದಿಷ್ಟು ದಪ್ಪ ಕಲ್ಲು ಹಾಕಿದರೆ ಮಣ್ಣು ಕೊಚ್ಚುವುದಿಲ್ಲ. ಪಕ್ಕದವರ ಜಾಗಕ್ಕೆ ಬಿಡುವುದು ಜಗಳಕ್ಕೆ ದಾರಿ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇಂಗುಗುಂಡಿ ಮಾಡಿಬಿಡೋಣ ಅನ್ನುವ ಸಲಹೆ ತಪ್ಪದೆ ಬರುತ್ತದೆ. ಜೇಡಿಮಣ್ಣಿನಲ್ಲಿ ಇಂಗುಗುಂಡಿ ಅಂದರೆ ನೀರು ತುಂಬಿಟ್ಟ ಗುಂಡಿ, ಅಷ್ಟೆ. ಒಂದೇ ಸಂದರ್ಭದಲ್ಲಿ ಅದು ಕೆಲಸ ಮಾಡುತ್ತದೆ: ಒಂದೆರಡು ಮೀಟರ್ ಕೆಳಗೆ ಜೇಡಿ ಮುಗಿದು ಗರಸು ಅಥವಾ ಮರಳಿನ ಪದರ ಸಿಕ್ಕಾಗ. ಸಿಗುತ್ತದೋ ಇಲ್ಲವೋ ತಿಳಿಯಲು ಒಂದು ಕಡೆ ಆಳವಾಗಿ ತೋಡಿ, ಆ ಮಟ್ಟದಲ್ಲಿ ಮತ್ತೆ ಗುಂಡಿ ಪರೀಕ್ಷೆ ಮಾಡಿ. ಸಿಕ್ಕರೆ ಗುಂಡಿಯನ್ನು ಮನೆಯ ಪಾಯದಿಂದ ಕನಿಷ್ಠ 5 ಮೀಟರ್ ದೂರ ಇಡಿ.

ಎಲ್ಲ ಕಡೆ ನೆಲ ಸಮತಟ್ಟು, ಹೊರಗೆ ಬಿಡಲು ತಗ್ಗೇ ಇಲ್ಲ ಅನ್ನುವವರಿಗೆ ಎರಡು ದಾರಿ. ಒಂದು, ಅಗೆಯುವುದನ್ನು ಬಿಟ್ಟು ಮೇಲಕ್ಕೆ ಕಟ್ಟುವುದು. ಸುತ್ತ ಅಂಚು ಕಟ್ಟಿ ಇಡೀ ಜಲ್ಲಿ ಹಾಸನ್ನು ನೆಲದ ಮೇಲೆಯೇ ಏರಿಸಿದರೆ ಪೈಪಿಗೆ ಬೇಕಾದ ಎತ್ತರ ತಾನಾಗಿ ಸಿಗುತ್ತದೆ. ಇನ್ನೊಂದು, ತಗ್ಗಿನ ಮೂಲೆಯಲ್ಲಿ ಮುಚ್ಚಳವಿರುವ ಸಣ್ಣ ತೊಟ್ಟಿ ಇಟ್ಟು, ನೀರು ಏರಿದಾಗ ತಾನೇ ಆನ್ ಆಗುವ ಪಂಪ್ ಕೂರಿಸುವುದು. ನನ್ನ ಆಯ್ಕೆ ಮೊದಲನೆಯದು. ಮಳೆ ಜೋರಾದ ರಾತ್ರಿಯೇ ಕರೆಂಟ್ ಹೋಗುವುದು ಜಾಸ್ತಿ.

ಮನೆಯ ತಾರಸಿ ನೀರಿನ ಪೈಪು ಈ ಜಾಗಕ್ಕೆ ಬೀಳುತ್ತಿದ್ದರೆ ಅದನ್ನು ಬೇರೆ ಕಡೆ ತಿರುಗಿಸಿ. 100 ಚದರ ಮೀಟರ್ ತಾರಸಿಯ ನೀರು 30 ಚದರ ಮೀಟರ್ ಹುಲ್ಲಿನ ಮೇಲೆ ಸುರಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು.

ಯಾವಾಗ ಅಗೆಯಬೇಕು

ಜೇಡಿಮಣ್ಣು ಒದ್ದೆ ಇದ್ದಾಗ ಅಗೆದರೆ ಕೆಸರು, ಪೂರ್ತಿ ಒಣಗಿದಾಗ ಅಗೆದರೆ ಇಟ್ಟಿಗೆ. ಬೂಟಿಗೆ ಅಂಟದ, ಹಾಗಂತ ಧೂಳೂ ಏಳದ ಹದ ಬೇಕು. ಎರೆಮಣ್ಣಿನಂತೆ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರುಕು ಬಿಡುವ ಮಣ್ಣಾದರೆ ಇನ್ನೂ ಹುಷಾರಾಗಿರಬೇಕು. ಬೆರಳು ತೂರುವಷ್ಟು ಬಿರುಕಿರುವಾಗ ಮಟ್ಟ ಮಾಡಿದರೆ, ಮಳೆ ಬಂದಾಗ ನೆಲ ಉಬ್ಬಿ ನಿಮ್ಮ ಮಟ್ಟವೆಲ್ಲ ಹಾಳು. ಅಂಥ ಕಡೆ ಕೆಲಸ ಶುರುಮಾಡುವ ಮುಂಚೆ ಕೆಲವು ದಿನ ಹದವಾಗಿ ನೀರು ಚಿಮುಕಿಸಿ ಬಿರುಕು ಕೂಡಿಕೊಳ್ಳಲು ಬಿಡಿ. ಕೆಳಗೆ ಕಾಂಕ್ರೀಟ್ ಹಾಕಿದರೆ ಗಟ್ಟಿ ಆಗುತ್ತೆ ಅನ್ನುವವರಿದ್ದಾರೆ. ಉಬ್ಬಿ ಕುಗ್ಗುವ ಮಣ್ಣಿನ ಮೇಲೆ ತೆಳು ಕಾಂಕ್ರೀಟ್ ಬಿರಿಯುತ್ತದೆ. ಜಲ್ಲಿಯ ಹಾಸು ನೆಲದ ಜೊತೆ ಸ್ವಲ್ಪ ಅಲುಗಾಡಿಕೊಂಡು ಹೋಗುತ್ತದೆ.

ಅಗೆಯುವ ಮುಂಚೆ ನೀರಿನ ಪೈಪು, ಕರೆಂಟಿನ ಕೇಬಲ್, ಗ್ಯಾಸ್ ಲೈನು ಎಲ್ಲಿ ಹಾದುಹೋಗಿವೆ ಅಂತ ಪತ್ತೆ ಮಾಡಿ ಸುಣ್ಣದಲ್ಲಿ ಗುರುತು ಹಾಕಿ. ದೊಡ್ಡ ಮರದ ನೆರಳಿನ ವ್ಯಾಪ್ತಿಯಲ್ಲಿ ಆಳವಾಗಿ ಅಗೆಯಬೇಡಿ. ಬೇರು ಕಡಿದರೆ ಮರಕ್ಕೂ ನಷ್ಟ, ಕೊಳೆತ ಬೇರಿನ ಜಾಗ ಕುಸಿದು ಹುಲ್ಲಿಗೂ ನಷ್ಟ.

ಆಳ, ಮಟ್ಟ, ವಾಟ

ಅಂಚಿನ ಮೇಲ್ಮಟ್ಟದಿಂದ ಕೆಳಗೆ 150 ಮಿ.ಮೀ. ಅಗೆಯಬೇಕು. ಅದರ ಹಂಚಿಕೆ ಹೀಗೆ: 100 ಮಿ.ಮೀ. ದಪ್ಪ ಜಲ್ಲಿ, ಅದರ ಮೇಲೆ 25 ಮಿ.ಮೀ. ಚಿಪ್ಸ್ (ಸಣ್ಣ ಕಲ್ಲಿನ ಚೂರು), ಉಳಿದ 25 ಮಿ.ಮೀ. ಹುಲ್ಲು ಕೂರಲು. 35ರಿಂದ 40 ಮಿ.ಮೀ. ಎಳೆಯ ಹುಲ್ಲಾದರೆ ತುದಿ ಮಾತ್ರ ಅಂಚಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ, ನೋಡಲು ಚೆಂದ. ಮನೆ ಗೋಡೆಗೆ ತಾಗುವ ಕಡೆ ಹುಲ್ಲಿನ ಮಟ್ಟ ಒಳಗಿನ ನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಲಿ. ಇಲ್ಲದಿದ್ದರೆ ಗೋಡೆ ತೇವ ಹಿಡಿಯುತ್ತದೆ.

30 ಚದರ ಮೀಟರಿಗೆ ಹೊರಬರುವ ಮಣ್ಣು 4.5 ಘನ ಮೀಟರ್. ಅಗೆದ ಜೇಡಿ ಉಬ್ಬುವುದರಿಂದ ಸಾಗಿಸುವಾಗ ಅದು 6 ಘನ ಮೀಟರಿನ ಹತ್ತಿರ ಆಗುತ್ತದೆ. ಅದನ್ನು ಎಲ್ಲಿ ಹಾಕುವುದು ಅಂತಲೂ ಮೊದಲೇ ಯೋಚಿಸಿಕೊಳ್ಳಿ.

ಈಗ ವಾಟದ ಮಾತು. ಎಲ್ಲ ಕಡೆ ವಾಟ ಕೊಡಬೇಕು ಅಂತ ಹೇಳುತ್ತಾರೆ, ಆದರೆ ಬಹಳ ಮಂದಿ ಕೊಡುವುದು ಮೇಲಿನ ಜಲ್ಲಿಗೆ. ಜೇಡಿಮಣ್ಣಿನಲ್ಲಿ ವಾಟ ಇರಬೇಕಾದ್ದು ಅಗೆದ ತಳದಲ್ಲೇ. ನೀರು ಹುಲ್ಲು ದಾಟಿ, ಜಲ್ಲಿ ದಾಟಿ, ಕೊನೆಗೆ ಜೇಡಿಯ ಮೇಲೆ ಬಂದು ಅಲ್ಲಿಂದ ಪಕ್ಕಕ್ಕೆ ಹರಿಯುತ್ತದೆ. ಜಲ್ಲಿಯ ಮೇಲ್ಮೈ ಎಷ್ಟೇ ನೀಟಾಗಿ ಓರೆಯಾಗಿರಲಿ, ತಳದಲ್ಲಿ ಒಂದು ತಗ್ಗಿದ್ದರೆ ನೀರು ಅಲ್ಲೇ ನಿಂತು ಮಣ್ಣನ್ನು ನೆನೆಸುತ್ತದೆ. ಆ ಜಾಗವೇ ಮುಂದೆ ಕುಸಿಯುವುದು.

ಮೀಟರಿಗೆ ಒಂದರಿಂದ ಎರಡು ಸೆಂ.ಮೀ. ಇಳಿಜಾರು ಸಾಕು. ನಡುವೆ ಒಂದೂವರೆ ಹಿಡಿದರೆ 5 ಮೀಟರ್ ಅಗಲಕ್ಕೆ ಏಳೂವರೆ ಸೆಂ.ಮೀ. ಮನೆಯಿಂದ ದೂರಕ್ಕೆ ಇಳಿಯುವಂತೆ ಗೂಟ ಹೊಡೆದು ದಾರ ಕಟ್ಟಿ. ರಸಮಟ್ಟ ಉದ್ದನೆಯ ನೇರ ಪಟ್ಟಿಯ ಮೇಲಿಟ್ಟರೆ ಮಾತ್ರ ನಂಬಬಹುದು. ದೂರ ಜಾಸ್ತಿಯಾದರೆ ನೀರು ತುಂಬಿದ ಪಾರದರ್ಶಕ ಟ್ಯೂಬೇ ಸರಿ. ಮೇಸ್ತ್ರಿಗಳ ಹಳೇ ಉಪಾಯ, ಮೋಸ ಮಾಡುವುದಿಲ್ಲ. ತಳವನ್ನು ಸನಿಕೆಯಿಂದ ಹೆರೆದು ದಾರಕ್ಕೆ ಸರಿಯಾಗಿ ಮಾಡಿ. ಜಾಸ್ತಿ ಅಗೆದ ಕಡೆ ಸಡಿಲ ಜೇಡಿ ತುಂಬಬೇಡಿ, ಅಲ್ಲಿಗೆ ಜಲ್ಲಿ ಹಾಕಿದರೆ ಆಯಿತು. ಮೆತ್ತಗಿರುವ ಜಾಗವನ್ನು ಕಿತ್ತು ತೆಗೆದು ಅಲ್ಲೂ ಜಲ್ಲಿಯನ್ನೇ ತುಂಬಿ. ಆಮೇಲೆ ಕೈ ದಮ್ಮಸಿನಿಂದಲೋ ಸಣ್ಣ ರೋಲರಿನಿಂದಲೋ ಗಟ್ಟಿ ಮಾಡಿ. ಒದ್ದೆ ಜೇಡಿಯ ಮೇಲೆ ನಡುಗುವ ಯಂತ್ರ ಓಡಿಸಿದರೆ ನೀರು ಮೇಲಕ್ಕೆ ಬಂದು ನೆಲ ಹಲ್ವದಂತೆ ಅದುರುತ್ತದೆ, ಗಟ್ಟಿಯಾಗುವುದಿಲ್ಲ.

ಪೈಪಿನ ಬಸಿಗಾಲುವೆ

ಇಳಿಜಾರಿನ ತಗ್ಗು ಅಂಚಿನ ಉದ್ದಕ್ಕೂ 30 ಸೆಂ.ಮೀ. ಅಗಲದ ಕಾಲುವೆ ತೋಡಿ. ಅಗೆದ ತಳದಿಂದ ಇನ್ನೂ 30 ಸೆಂ.ಮೀ. ಕೆಳಗೆ ಹೋಗಲಿ. ಕಾಲುವೆಯ ತಳಕ್ಕೂ ಹೊರಬಾಯಿಯ ಕಡೆ ಮೀಟರಿಗೆ 1 ಸೆಂ.ಮೀ. ವಾಟ ಬೇಕು. 6 ಮೀಟರ್ ಉದ್ದಕ್ಕೆ 6 ಸೆಂ.ಮೀ. ಜಾಗ ಅಗಲವಾಗಿದ್ದು ನೀರು ಐದಾರು ಮೀಟರಿಗಿಂತ ಜಾಸ್ತಿ ಹರಿದು ಬರಬೇಕಾದರೆ ನಡುವೆಯೂ ಒಂದೆರಡು ಕಾಲುವೆಗಳನ್ನು ಓರೆಯಾಗಿ ತೋಡಿ ಮುಖ್ಯ ಕಾಲುವೆಗೆ ಸೇರಿಸಿ.

ಇನ್ನು ಜಿಯೋಟೆಕ್ಸ್‌ಟೈಲ್ ಬಟ್ಟೆ. ನೇಯದ, ಕಂಬಳಿಯಂತೆ ಒತ್ತಿ ಮಾಡಿದ ಬಗೆಯನ್ನು ಕೇಳಿ. ನುಣುಪಾದ, ಪ್ಲಾಸ್ಟಿಕ್ ಪಟ್ಟಿಗಳಿಂದ ನೇಯ್ದ ಕಳೆ ತಡೆಯುವ ಹಾಳೆ ಇದಕ್ಕೆ ಬೇಡ, ಅದರಲ್ಲಿ ನೀರು ಸಲೀಸಾಗಿ ದಾಟುವುದಿಲ್ಲ. ಬಟ್ಟೆಯ ಕೆಲಸ ಜೇಡಿಯನ್ನೂ ಜಲ್ಲಿಯನ್ನೂ ಬೇರೆ ಬೇರೆ ಇಡುವುದು. ಬಟ್ಟೆ ಇಲ್ಲದಿದ್ದರೆ ಓಡಾಡಿದಾಗಲೆಲ್ಲ ಜಲ್ಲಿ ಕೆಳಕ್ಕೆ ಹೂತುಕೊಳ್ಳುತ್ತದೆ, ಕೆಸರು ಮೇಲಕ್ಕೆ ಏರುತ್ತದೆ. ಕಲ್ಲುಗಳ ಸಂದಿಯಲ್ಲಿ ಜೇಡಿ ತುಂಬಿದ ಮೇಲೆ ಆ ಜಲ್ಲಿ ಹಾಸಿಗೂ ಬರೀ ನೆಲಕ್ಕೂ ವ್ಯತ್ಯಾಸ ಇರುವುದಿಲ್ಲ.

ಬಟ್ಟೆಯನ್ನು ಅಗೆದ ತಳದ ಮೇಲೆ ಹಾಸುತ್ತಾ ಬಂದು, ಹಾಗೇ ಕಾಲುವೆಯೊಳಕ್ಕೆ ಇಳಿಸಿ, ಇನ್ನೊಂದು ಬದಿಯಿಂದ ಮೇಲಕ್ಕೆ ತನ್ನಿ. ಜೋಡಣೆ ಬಂದ ಕಡೆ 30 ಸೆಂ.ಮೀ. ಒಂದರ ಮೇಲೊಂದು ಬರಲಿ. ಕಾಲುವೆ ತುಂಬಿದ ಮೇಲೆ ಅದರ ಬಾಯಿಯನ್ನು ಬಟ್ಟೆಯಿಂದ ಮುಚ್ಚಬೇಡಿ. ಮೇಲಿನ ಜಲ್ಲಿಯೂ ಕಾಲುವೆಯ ಜಲ್ಲಿಯೂ ನೇರವಾಗಿ ಸೇರಿಕೊಂಡು ಒಂದೇ ಆಗಿರಬೇಕು. ನಡುವೆ ಇನ್ನೊಂದು ಪದರ ಬಂದರೆ ಪುಡಿಯೆಲ್ಲ ಅಲ್ಲೇ ಸೇರಿ ಮುಚ್ಚಿಕೊಳ್ಳುತ್ತದೆ.

ಕಾಲುವೆಯ ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಕಿ, ಮೇಲೆ 100 ಮಿ.ಮೀ. ವ್ಯಾಸದ ತೂತಿನ ಪೈಪು ಇಡಿ. ಒಂದೇ ಬದಿಯಲ್ಲಿ ತೂತಿದ್ದರೆ ತೂತು ಕೆಳಮುಖವಾಗಿರಲಿ. ಇದು ಕೇಳಲು ವಿಚಿತ್ರ ಅನ್ನಿಸಬಹುದು. ನೀರು ಕಾಲುವೆಯ ತಳದಿಂದ ಮೇಲಕ್ಕೆ ಏರುತ್ತಾ ಬರುತ್ತದೆ. ತೂತು ಕೆಳಗಿದ್ದರೆ ಸ್ವಲ್ಪ ಏರಿದೊಡನೆ ಪೈಪಿನೊಳಗೆ ಬಂದು ಹರಿದುಹೋಗುತ್ತದೆ. ಮೇಲಿದ್ದರೆ ಪೈಪಿನ ಎತ್ತರದಷ್ಟು ನೀರು ಯಾವಾಗಲೂ ಕಾಲುವೆಯಲ್ಲಿ ನಿಂತಿರುತ್ತದೆ. ಪೈಪಿಗೆ ಕಾಲುಚೀಲದಂಥ ಬಟ್ಟೆ ಸುತ್ತಿಕೊಂಡೇ ಬರುವ ಬಗೆಯೂ ಇದೆ. ಕಾಲುವೆಗೇ ಬಟ್ಟೆ ಹಾಸಿರುವಾಗ ಅದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜೇಡಿಯ ನುಣ್ಣನೆ ಕಣ 0.002 ಮಿ.ಮೀ.ಗಿಂತ ಚಿಕ್ಕದು. ಪೈಪಿಗೆ ಬಿಗಿಯಾಗಿ ಅಂಟಿದ ಚೀಲ ಅಂಥ ಕಣಗಳಿಂದ ಕಟ್ಟಿಕೊಂಡರೆ ಬಿಚ್ಚಿ ತೊಳೆಯಲು ಆಗುವುದಿಲ್ಲ. ಕಾಲುವೆಯ ಬಟ್ಟೆಗೆ ವಿಸ್ತಾರ ಜಾಸ್ತಿ, ಹಾಗಾಗಿ ಬೇಗ ಕಟ್ಟುವುದಿಲ್ಲ.

ಪೈಪಿನ ಮೇಲ್ತುದಿಗೆ ಎಲ್ಬೋ (ಮೊಣಕೈಯಂತೆ ಬಾಗಿದ ಪೈಪಿನ ತುಂಡು) ಜೋಡಿಸಿ ಮೇಲಕ್ಕೆ ತಂದು, ಅಂಚಿನ ಪಕ್ಕ ಒಂದು ಮುಚ್ಚಳ ಹಾಕಿ. ಮುಂದೆ ಕಟ್ಟಿಕೊಂಡರೆ ಅಲ್ಲಿಂದ ಹೋಸ್ ಪೈಪು ತೂರಿಸಿ ತೊಳೆಯಬಹುದು. ಎರಡು ಬಿಡಿಭಾಗಗಳ ಖರ್ಚು, ಅಷ್ಟೆ. ಇದನ್ನು ಬಿಟ್ಟರೆ ಮುಂದೊಂದು ದಿನ ಇಡೀ ಹುಲ್ಲು ಕೀಳಬೇಕಾಗಬಹುದು. ಹೊರಬಾಯಿಗೆ ಇಲಿ, ಹೆಗ್ಗಣ ನುಗ್ಗದಂತೆ ಜಾಲರಿ ಹಾಕಿ.

ಅಂಚು

ತಗ್ಗು ಬದಿಯ ಅಂಚು ಕಾಲುವೆಯ ಆಚೆ ಬದಿಗೆ ಬರಬೇಕು, ಕಾಲುವೆ ಒಳಗೇ ಉಳಿಯಬೇಕು. ಕಾಂಕ್ರೀಟ್ ಕಟ್ಟೆ, ಹುಳು ಹಿಡಿಯದಂತೆ ಸಂಸ್ಕರಿಸಿದ ಮರದ ಹಲಗೆ, ಮರುಬಳಕೆ ಪ್ಲಾಸ್ಟಿಕ್ ಹಲಗೆ, ಯಾವುದಾದರೂ ಆದೀತು. ಆದರೆ ಜೇಡಿನೆಲಕ್ಕೆ ನನ್ನ ಮತ ಹಲಗೆಗೇ.

ಯಾಕೆ ಅಂತೀರಾ? ಸಾಮಾನ್ಯ ಪದ್ಧತಿಯಲ್ಲಿ ಹುಲ್ಲಿನ ಅಂಚನ್ನು 15 ಸೆಂ.ಮೀ. ಉದ್ದದ ಮೊಳೆಗಳಿಂದ ತಳಕ್ಕೆ ಹೊಡೆಯುತ್ತಾರೆ. ಕ್ರಷರ್ ಪುಡಿ ಬೆರೆತ ಗಟ್ಟಿ ತಳವಾದರೆ ಮೊಳೆ ಹಿಡಿಯುತ್ತದೆ. ನಾವು ಹಾಕುವುದು ಪುಡಿ ಇಲ್ಲದ ಜಲ್ಲಿ. ಮೊಳೆ ಹೊಡೆದರೆ ಕಲ್ಲುಗಳು ಜರುಗಿ ಜಾಗ ಬಿಡುತ್ತವೆ, ಕೈಯಲ್ಲಿ ಎಳೆದರೆ ಮೊಳೆ ಬರುತ್ತದೆ. ಹಲಗೆ ಇದ್ದರೆ ಹುಲ್ಲನ್ನು ಅದಕ್ಕೇ ತುಕ್ಕು ಹಿಡಿಯದ ಸಣ್ಣ ಮೊಳೆಯಿಂದಲೋ ಸ್ಟೇಪಲ್‌ನಿಂದಲೋ ಬಿಗಿಯಬಹುದು. ಕಾಂಕ್ರೀಟ್ ಕಟ್ಟೆಯೇ ಬೇಕೆಂದರೆ ಅದರ ಒಳಬದಿಗೆ ಒಂದು ಹಲಗೆ ಪಟ್ಟಿ ಕೂರಿಸಿ. ಹಲಗೆಯ ಮೇಲ್ಭಾಗ ಚಿಪ್ಸ್ ಪದರದ ಮಟ್ಟಕ್ಕೆ ಇರಲಿ.

ಜಲ್ಲಿ

20 ಮಿ.ಮೀ. ಜಲ್ಲಿ, ಮೂಲೆಗಳು ಚೂಪಾಗಿರುವುದು, ಪುಡಿ ಇಲ್ಲದ್ದು. ಉರುಟು ಕಲ್ಲು ಬೇಡ, ಅದು ಉರುಳುತ್ತಲೇ ಇರುತ್ತದೆ. ಚೂಪು ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ. ಲೋಡ್ ಇಳಿಸುವ ಮುಂಚೆ ಒಂದು ಹಿಡಿ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಅಲುಗಾಡಿಸಿ. ನೀರು ಗಂಜಿಯಂತೆ ಬೆಳ್ಳಗೆ ಮಂದವಾದರೆ ಪುಡಿ ಜಾಸ್ತಿ ಇದೆ. ಆ ಪುಡಿಯೆಲ್ಲ ಮಳೆಗೆ ಇಳಿದು ಬಟ್ಟೆಯ ಮೇಲೆ ಕೂರುತ್ತದೆ. ತೊಳೆದ ಜಲ್ಲಿ ಸಿಕ್ಕರೆ ಅದನ್ನೇ ತರಿಸಿ, ಇಲ್ಲದಿದ್ದರೆ ರಾಶಿ ಇರುವಾಗಲೇ ಹೋಸ್‌ನಿಂದ ತೊಳೆಯಿರಿ.

ನಮ್ಮ 30 ಚದರ ಮೀಟರಿಗೆ 3 ಘನ ಮೀಟರ್ ಜಲ್ಲಿ, ಕಾಲುವೆಯದು ಬೇರೆ. ಒಂದು ಘನ ಮೀಟರ್ ಸುಮಾರು ಒಂದೂವರೆ ಟನ್ ತೂಗುತ್ತದೆ, ಕೂಲಿಯವರ ಲೆಕ್ಕ ಅದರ ಮೇಲೆ ಹಾಕಿ. ಈ ಜಲ್ಲಿ ಹಾಸಿನಿಂದ ಇನ್ನೊಂದು ಲಾಭವಿದೆ. ಪುಡಿ ಇಲ್ಲದ ಜಲ್ಲಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೀ ಸಂದಿಯೇ. ಹಾಗಾಗಿ 3 ಘನ ಮೀಟರ್ ಜಲ್ಲಿಯ ಸಂದಿಗಳಲ್ಲಿ ಸಾವಿರ ಲೀಟರ್ ಹಿಡಿಯುವಷ್ಟು ಜಾಗವಿರುತ್ತದೆ. ಒಮ್ಮೆಲೇ ಜಡಿಮಳೆ ಹೊಡೆದರೂ ನೀರು ಹುಲ್ಲಿನ ಮೇಲೆ ಉಕ್ಕದೆ ಒಳಗೆ ಸ್ವಲ್ಪ ಹೊತ್ತು ತಡೆದು, ನಿಧಾನವಾಗಿ ಪೈಪಿಗೆ ಇಳಿಯುತ್ತದೆ.

ಎರಡು ಪದರವಾಗಿ, 50 ಮಿ.ಮೀ. ಹಾಕಿ ಪ್ಲೇಟ್ ಕಾಂಪ್ಯಾಕ್ಟರ್ (ನಡುಗುತ್ತಾ ದಮ್ಮಸು ಮಾಡುವ ಯಂತ್ರ) ಓಡಿಸಿ, ಮತ್ತೆ 50 ಮಿ.ಮೀ. ಹಾಕಿ ಓಡಿಸಿ. ಕಾಲುವೆಯ ಮೇಲೆ ಮಾತ್ರ ಮೆಲ್ಲಗೆ. ಮೇಲೆ 25 ಮಿ.ಮೀ. ದಪ್ಪಕ್ಕೆ 2ರಿಂದ 6 ಮಿ.ಮೀ. ಚಿಪ್ಸ್ ಹರಡಿ, ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದು ಸಮ ಮಾಡಿ, ಮತ್ತೆ ಒಂದೆರಡು ಸುತ್ತು ಕಾಂಪ್ಯಾಕ್ಟರ್. ಇಲ್ಲಿ ಕೆಲಸದವರು ಕ್ರಷರ್ ಪುಡಿ ಅಥವಾ ಎಂ-ಸ್ಯಾಂಡ್ ಹಾಕೋಣ ಅಂತಾರೆ. ಅದು ಮೇಜಿನ ಮೇಲ್ಮೈಯಂತೆ ನಯವಾಗಿ ಕೂರುವುದು ನಿಜ. ಆದರೆ ಒದ್ದೆಯಾಗಿ ದಮ್ಮಸಾದ ಪುಡಿಯಲ್ಲಿ ನೀರು ಇಳಿಯುವುದು ತುಂಬಾ ನಿಧಾನ. ಇಷ್ಟೆಲ್ಲ ಮಾಡಿ ಕೊನೆಗೆ ಮೇಲೊಂದು ಬಿರಡೆ ಹಾಕಿದ ಹಾಗೆ. ಚಿಪ್ಸ್ ನಯ ಮಾಡಲು ಸ್ವಲ್ಪ ತಾಳ್ಮೆ ಬೇಕು, ತಾಳ್ಮೆ ಇಟ್ಟುಕೊಳ್ಳಿ. ಮೊಣಕಾಲೂರಿ ಬಗ್ಗಿ, ಕಣ್ಣನ್ನು ನೆಲದ ಮಟ್ಟಕ್ಕೆ ತಂದು ನೋಡಿದರೆ ಉಬ್ಬುತಗ್ಗು ಎದ್ದು ಕಾಣುತ್ತದೆ. ಈಗ ಕಾಣುವ ಪ್ರತಿ ಗುಳಿಯೂ ಹುಲ್ಲು ಹಾಸಿದ ಮೇಲೂ ಕಾಣುತ್ತದೆ.

ಹುಲ್ಲಿಗೆ ಮುಂಚೆ ನೀರು

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಎತ್ತರದ ಬದಿಯಲ್ಲಿ ಹೋಸ್ ಇಟ್ಟು ಪೂರ್ತಿ ತಿರುಗಿಸಿ ಅರ್ಧ ಗಂಟೆ ನೀರು ಬಿಡಿ. ಇನ್ನೊಬ್ಬರು ಹೊರಬಾಯಿಯ ಬಳಿ ಬಕೆಟ್ ಹಿಡಿದು ಕೂರಲಿ. ಮೊದಲು ಬರುವ ನೀರು ಕಲ್ಲಿನ ಪುಡಿಯಿಂದ ಬೂದು ಬಣ್ಣಕ್ಕಿರುತ್ತದೆ, ಕ್ರಮೇಣ ತಿಳಿಯಾಗುತ್ತದೆ. ತಿಳಿಯಾಗದೆ ನಿಮ್ಮ ಮಣ್ಣಿನ ಬಣ್ಣದಲ್ಲೇ ಬರುತ್ತಿದ್ದರೆ ಬಟ್ಟೆ ಎಲ್ಲೋ ಹರಿದಿದೆ ಅಥವಾ ಜೋಡಣೆ ಸರಿದಿದೆ. ನೀರೇ ಬರದಿದ್ದರೆ ತಳದ ವಾಟ ತಪ್ಪಿದೆ. ಹೋಸ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಹರಿಯುತ್ತಿದ್ದು, ಆಮೇಲೆ ಹನಿಯಾಗಿ ನಿಂತರೆ ಎಲ್ಲವೂ ಸರಿ ಇದೆ. ಈಗ ತಪ್ಪು ಸಿಕ್ಕರೆ ಅರ್ಧ ದಿನದ ಕೆಲಸ.

ಹುಲ್ಲು ಹಾಸುವುದು

ಕೃತಕ ಹುಲ್ಲು ಮೊದಲು ಹೆಸರು ಮಾಡಿದ್ದು 1966ರಲ್ಲಿ, ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ. ಅದಕ್ಕೆ ಮೇಲೆ ಸೂರಿತ್ತು, ಮಳೆಯ ತಲೆನೋವೇ ಇರಲಿಲ್ಲ. ನಿಮ್ಮ ಜಾಗಕ್ಕೆ ಸೂರಿಲ್ಲ, ಆದ್ದರಿಂದ ಕೊಳ್ಳುವಾಗ ರೋಲನ್ನು ಮಗುಚಿ ಹಿಂಬದಿ ನೋಡಿ. ತೂತುಗಳ ಮೇಲೆ ಅಂಟು ಹರಿದು ಮುಚ್ಚಿರಬಾರದು. ಒಂದು ಲೋಟ ನೀರು ಸುರಿದು ನೋಡುವುದಕ್ಕೆ ಸಂಕೋಚ ಬೇಡ.

ರೋಲ್ ಬಿಚ್ಚಿ ಬಿಸಿಲಿನಲ್ಲಿ ಕೆಲವು ಗಂಟೆ ಹಾಗೇ ಬಿಡಿ, ಸುರುಳಿ ಬಿಟ್ಟು ಚಪ್ಪಟೆಯಾಗುತ್ತದೆ. ಎಳೆಗಳು ಒಂದೇ ದಿಕ್ಕಿಗೆ ವಾಲಿರುತ್ತವೆ. ನೀವು ಜಾಸ್ತಿ ನಿಂತು ನೋಡುವ ಕಡೆಗೆ ವಾಲಿದ್ದರೆ ಹುಲ್ಲು ತುಂಬಿಕೊಂಡಂತೆ ಕಾಣುತ್ತದೆ. ಎರಡು ತುಂಡು ಹಾಕುವಾಗ ಎರಡೂ ಒಂದೇ ದಿಕ್ಕಿಗಿರಬೇಕು. ಇದು ತಪ್ಪಿದರೆ ಎರಡು ಬೇರೆ ಬೇರೆ ಬಣ್ಣದ ಹುಲ್ಲು ತಂದಂತೆ ಕಾಣುತ್ತದೆ.

ಕತ್ತರಿಸುವುದು ಯಾವಾಗಲೂ ಹಿಂಬದಿಯಿಂದ, ಎರಡು ಹೊಲಿಗೆ ಸಾಲಿನ ನಡುವೆ, ಹೊಸ ಬ್ಲೇಡಿನಿಂದ. ಜೋಡಣೆಯ ಕಡೆ ಫ್ಯಾಕ್ಟರಿ ಅಂಚನ್ನು ಎರಡು ಮೂರು ಹೊಲಿಗೆ ಸಾಲು ಸೇರಿಸಿ ಕತ್ತರಿಸಿ ತೆಗೆಯಿರಿ. ಎರಡು ತುಂಡುಗಳ ನಡುವೆ 2ರಿಂದ 3 ಮಿ.ಮೀ. ಸಂದಿ ಇರಲಿ. ಜಾಸ್ತಿ ಬಿಟ್ಟರೆ ಬೈತಲೆ ಕಾಣುತ್ತದೆ, ಒತ್ತಿ ಕೂರಿಸಿದರೆ ಏಣು ಕಾಣುತ್ತದೆ. ಕೆಳಗೆ 30 ಸೆಂ.ಮೀ. ಅಗಲದ ಸೀಮ್ ಟೇಪ್, ಅದರ ಮೇಲೆ ಪಾಲಿಯುರೆಥೇನ್ ಅಂಟು. ಎರಡು ಬದಿಯನ್ನೂ ಮೆಲ್ಲಗೆ ಇಳಿಸಿ, ಎಳೆಗಳು ಅಂಟಿಗೆ ಸಿಕ್ಕಿಕೊಳ್ಳದಂತೆ ಬೆರಳಿನಿಂದ ಬಿಡಿಸಿ, ಮೇಲೆ ಭಾರ ಇಟ್ಟು ಒಣಗಲು ಬಿಡಿ. ಸಾಧ್ಯವಾದರೆ ಜೋಡಣೆ ನೀರು ಇಳಿಯುವ ದಿಕ್ಕಿನಲ್ಲೇ ಉದ್ದಕ್ಕೆ ಬರಲಿ. ಅಡ್ಡಕ್ಕೆ ಬಂದರೆ ಅಂಟಿನ ಪಟ್ಟಿ ಮೇಲೆ ಹರಿಯುವ ನೀರಿಗೆ ಅಡ್ಡ ನಿಲ್ಲುತ್ತದೆ.

ಅಂಚನ್ನು ಹಲಗೆಗೆ 15ರಿಂದ 20 ಸೆಂ.ಮೀ.ಗೊಂದು ಮೊಳೆಯಂತೆ ಬಿಗಿಯಿರಿ. ಹೊಡೆಯುವಾಗ ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಳ್ಳಿ. ಆಮೇಲೆ ಒಣಗಿದ, ಉರುಟು ಕಣದ ಸಿಲಿಕಾ ಮರಳನ್ನು ಚದರ ಮೀಟರಿಗೆ 5ರಿಂದ 8 ಕೆ.ಜಿ.ಯಷ್ಟು ಸ್ವಲ್ಪ ಸ್ವಲ್ಪವಾಗಿ ಹರಡಿ, ಗಟ್ಟಿ ಬ್ರಷ್‌ನಿಂದ ಎಳೆಗಳ ವಿರುದ್ಧ ದಿಕ್ಕಿಗೆ ಗುಡಿಸಿ. ಕಟ್ಟಡದ ಮರಳು ಬೇಡ. ಅದರ ಸಣ್ಣ ಪುಡಿ ಹಿಂಬದಿಯ ತೂತುಗಳನ್ನು ಮುಚ್ಚುತ್ತದೆ. ನಾಯಿ ಇರುವ ಮನೆಯಾದರೆ ಮರಳಿನ ಬದಲು ವಾಸನೆ ಹೀರುವ ಜಿಯೋಲೈಟ್ ಹಾಕಬಹುದು. ಬಟ್ಟೆಯನ್ನು ಜಲ್ಲಿಯ ಕೆಳಗೆ ಮಾತ್ರ ಹಾಕಿ. ಹುಲ್ಲಿನ ಅಡಿಗೇ ಇನ್ನೊಂದು ಹಾಳೆ ಹಾಸಿದರೆ ನಾಯಿಯ ಮೂತ್ರ ಅಲ್ಲೇ ಹಿಡಿದುಕೊಂಡು ನಾರುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. ನೇರ ಬಿಸಿಲಿಗೆ ಕೃತಕ ಹುಲ್ಲು 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬಲ್ಲದು. ಮಕ್ಕಳು ಬರಿಗಾಲಲ್ಲಿ ಆಡುವ ಜಾಗವಾದರೆ ನೆರಳಿನ ವ್ಯವಸ್ಥೆ ಇರಲಿ. ಎದುರಿಗೆ ಶಾಖ ಪ್ರತಿಫಲಿಸುವ ಗಾಜಿನ ಕಿಟಕಿ ಇದ್ದರೆ ಅದರ ಪ್ರತಿಬಿಂಬ ಬೀಳುವ ಕಡೆ ಎಳೆಗಳು ಕರಗುವುದೂ ಉಂಟು.

ಮುಂದೆ ನೀರು ನಿಂತರೆ

ಮಳೆಗಾಲಕ್ಕೆ ಮುಂಚೆ ಒಮ್ಮೆ ಮುಚ್ಚಳ ತೆರೆದು ಪೈಪಿಗೆ ಹೋಸ್ ಬಿಡಿ, ಹೊರಬಾಯಿಯ ಜಾಲರಿಗೆ ಸಿಕ್ಕಿದ ಕಸ ತೆಗೆಯಿರಿ. ಉದುರಿದ ಎಲೆಗಳನ್ನು ಕೊಳೆಯಲು ಬಿಡಬೇಡಿ. ಕೊಳೆತದ್ದು ಮಣ್ಣಾಗಿ, ಅದರಲ್ಲಿ ಬೀಜ ಬಿದ್ದು, ಪ್ಲಾಸ್ಟಿಕ್ ಹುಲ್ಲಿನಲ್ಲಿ ಅಸಲಿ ಹುಲ್ಲು ಬೆಳೆಯುತ್ತದೆ.

ಇಷ್ಟಾದ ಮೇಲೂ ನೀರು ನಿಂತರೆ ಎಲ್ಲಿ, ಹೇಗೆ ನಿಂತಿದೆ ಅಂತ ಮೊದಲು ನೋಡಿ. ಅಂಗೈ ಅಗಲದ ಕೊಚ್ಚೆ ಒಂದೆರಡು ಕಡೆ ನಿಂತು, ಸುತ್ತ ಗಟ್ಟಿಯಾಗಿದ್ದರೆ ಅಲ್ಲಿನ ತೂತುಗಳು ಕಟ್ಟಿಕೊಂಡಿವೆ. ಮರಳನ್ನು ಬ್ರಷ್‌ನಿಂದ ಎಬ್ಬಿಸಿ, ತೂತುಗಳಿಗೆ ದಬ್ಬಳ ಚುಚ್ಚಿದರೆ ಸರಿಹೋಗುತ್ತದೆ. ಇಡೀ ಹಾಸು ಮೆತ್ತಗಾಗಿ ಎಲ್ಲಿ ಕಾಲಿಟ್ಟರೂ ಪಚಪಚ ಅಂದರೆ ಜಲ್ಲಿಯೊಳಗೇ ನೀರು ತುಂಬಿದೆ, ಹೊರಬಾಯಿ ಕಟ್ಟಿದೆ ಅಂತ ಅರ್ಥ. ಹುಲ್ಲನ್ನು ಮುಟ್ಟಬೇಡಿ, ನೇರ ಪೈಪಿನ ಬಾಯಿಗೆ ಹೋಗಿ. ತಗ್ಗು ಅಂಚಿನಲ್ಲಿ ಮಾತ್ರ ಒಂದು ಪಟ್ಟಿಯಷ್ಟು ನಿಂತಿದ್ದರೆ ಪೈಪು ಕುಸಿದಿರಬಹುದು. ಮೇಲಿನ ಮುಚ್ಚಳದಿಂದ ಬಿಟ್ಟ ನೀರು ಹೊರಬಾಯಿಗೆ ಬರುತ್ತಿದೆಯೇ ನೋಡಿ. ಬರದಿದ್ದರೆ ಆ ಬದಿಯ ಮೊಳೆಗಳನ್ನಷ್ಟೇ ಬಿಚ್ಚಿ, ಹುಲ್ಲನ್ನು ಮೀಟರಿನಷ್ಟು ಮಡಚಿ, ಕಾಲುವೆ ತೆರೆದು ಕೆಟ್ಟ ಪೈಪಿನ ತುಂಡನ್ನು ಬದಲಿಸಿ.